ರಾತ್ರಿ ಎರಡು ಗಂಟೆಗೆ ಎರಡೆರಡು ಸಲ ಗುಡುಗುವ ಗೂಡ್ಸ್ ಗಾಡಿ: ಹೆಂಡತಿ ಜೊತೆ ಪಂದ್ಯ ಕಟ್ಟಿದ್ದೇನೆ, ಕಾಪಾಡಿ

ಮಂಡ್ಯದ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಈ ಜೂನ್‌ನಲ್ಲಿ ವರ್ಗವಾಗಿ ನೆಟ್ಟಣಕ್ಕೆ ಬಂದಿದ್ದೇನೆ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವ ಊರು. ಬಾಡಿಗೆ ಮನೆ ಸ್ಟೇಷನ್ನಿನಿಂದ ಸಕಲೇಶಪುರದ ಕಡೆಗೆ, ಹಳಿಗೂ ನಮಗೂ ಮಧ್ಯೆ ಒಂದು ಅಡಿಕೆ ತೋಟ ಅಷ್ಟೆ. ಮನೆ ನೋಡಲು ಬಂದ ದಿನ ನನ್ನ ಹೆಂಡತಿ ನೀರು, ಬಚ್ಚಲು, ಅಡುಗೆಮನೆ ನೋಡಿದಳು. ನಾನು ಹಳಿ ನೋಡಿ ಅಡ್ವಾನ್ಸ್ ಕೊಟ್ಟೆ. ಅದರ ಫಲ ಈಗ ಉಣ್ಣುತ್ತಿದ್ದೇನೆ.

ವಿಷಯ ಏನೆಂದರೆ, ರಾತ್ರಿ ಒಂದೂವರೆ, ಎರಡರ ಹೊತ್ತಿಗೆ ಒಂದು ಇಂಜಿನ್ ಗುಡುಗುತ್ತಾ ಹೋಗುತ್ತದೆ, ಕಿಟಕಿ ಗಾಜೆಲ್ಲ ಅದುರುತ್ತದೆ. ಆಮೇಲೆ ಬರೀ ವ್ಯಾಗನ್ನುಗಳ ಟಕಟಕ. ಸದ್ಯ ಮುಗಿಯಿತು ಅಂತ ಮಗ್ಗುಲು ಬದಲಿಸುವ ಹೊತ್ತಿಗೆ ಮತ್ತೆ ಅದೇ ಗುಡುಗು, ಈ ಸಲ ಇನ್ನೂ ಜೋರಾಗಿ. ಒಂದು ಸಲ ಗಡಿಯಾರ ಹಿಡಿದು ಕೂತು ನೋಡಿದೆ, ಎರಡು ಗುಡುಗಿನ ನಡುವೆ ಹತ್ತಿರ ಹತ್ತಿರ 2 ನಿಮಿಷ. ಹೆಂಡತಿ ಹೇಳುವುದು, "ಒಂದರ ಹಿಂದೆ ಒಂದು ಎರಡು ರೈಲು ಹೋಗುತ್ತವೆ ರೀ, ಇಷ್ಟೂ ಗೊತ್ತಾಗಲ್ವಾ?" ನಾನು ಹೇಳುವುದು, ಅದು ಒಂದೇ ರೈಲು, ಹಿಂದೆಯೂ ಇಂಜಿನ್ ಇದೆ ಅಂತ. ಸೋತವರು ಒಂದು ತಿಂಗಳು ಬೆಳಗಿನ ತಿಂಡಿ ಮಾಡಬೇಕು. ನನಗೆ ಉಪ್ಪಿಟ್ಟು ಬಿಟ್ಟರೆ ಬೇರೆ ಬರುವುದಿಲ್ಲ, ಆದ್ದರಿಂದ ನಾನು ಸೋತರೆ ಅವಳಿಗೂ ಶಿಕ್ಷೆಯೇ.

ಇನ್ನೊಂದು ಅನುಮಾನ. ಒಮ್ಮೊಮ್ಮೆ ಎರಡು ಮೂರು ಇಂಜಿನ್ ಒಂದಕ್ಕೊಂದು ಅಂಟಿಕೊಂಡು, ಹಿಂದೆ ಒಂದು ಡಬ್ಬಿಯೂ ಇಲ್ಲದೆ, ಸುಮ್ನೆ ಘಾಟಿಯಿಂದ ಇಳಿದು ಬರುತ್ತವೆ. ಇವು ಎಲ್ಲಿಗೆ ಹೋಗಿ ಬಂದವು?

ಪುತ್ತೂರು_ಪ್ಯಾಸೆಂಜರ್:
ಮೇಷ್ಟ್ರೇ, ಉಪ್ಪಿಟ್ಟಿನಿಂದ ಪಾರಾದಿರಿ. ಒಂದೇ ಗಾಡಿ. ಹಿಂದಿನಿಂದ ದೂಡುವ ಇಂಜಿನ್ನಿಗೆ ಬ್ಯಾಂಕರ್ ಅನ್ನುತ್ತಾರೆ. ನಿಮ್ಮ ಸ್ಟೇಷನ್ನಿನಲ್ಲೇ ಅದನ್ನು ಜೋಡಿಸುವುದು. ಘಾಟಿ ಹತ್ತಿಸಿ ಸಕಲೇಶಪುರದಲ್ಲಿ ಬಿಡಿಸಿಕೊಂಡು, ಮುಂದಿನ ಗಾಡಿಯನ್ನು ದೂಡಲು ಖಾಲಿ ಕೈಯಲ್ಲಿ ವಾಪಸ್ ಬರುತ್ತವಲ್ಲ, ನೀವು ನೋಡಿದ ಡಬ್ಬಿಯಿಲ್ಲದ ಇಂಜಿನ್ನುಗಳು ಅವೇ. ಅದಕ್ಕೆ ಲೈಟ್ ಇಂಜಿನ್ ಅಂತ ಹೆಸರು. ಹಗುರ ಅಂತ ಅಲ್ಲ ಮಾರಾಯ್ರೆ, ಒಂದೊಂದೂ 126 ಟನ್ ಉಂಟು!

ಆಲ್ಕೋ_ಅಜ್ಜ:
ಪಂದ್ಯ ಗೆಲ್ಲಿಸುವ ಲೆಕ್ಕ ನಾನು ಕೊಡುತ್ತೇನೆ, ಮನೆಯವರ ಮುಂದೆ ಬೋರ್ಡಿನ ಮೇಲೆ ಬರೆದು ತೋರಿಸಿ. ಕಲ್ಲಿದ್ದಲಿನ ಪೂರ್ತಿ ರೇಕ್, ಅಂದರೆ ಒಂದು ಗಾಡಿಯ ಇಡೀ ವ್ಯಾಗನ್ ಸಾಲು, ಹತ್ತಿರ ಹತ್ತಿರ 58 ವ್ಯಾಗನ್. ಒಂದೊಂದು ಹತ್ತೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ಎಲ್ಲ ಸೇರಿ 600 ಮೀಟರ್ ದಾಟಿತು. ಘಾಟಿಯಲ್ಲಿ ಗಂಟೆಗೆ 30 ಕಿ.ಮೀ. ಮೇಲೆ ಹೋಗುವ ಹಾಗಿಲ್ಲ, ಭಾರದ ಗಾಡಿ ಹತ್ತುವಾಗ ಅಷ್ಟೂ ಬರುವುದಿಲ್ಲ. 20 ಅಂತ ಇಟ್ಟುಕೊಳ್ಳಿ. 600 ಮೀಟರ್ ದಾಟಲು ಎಷ್ಟು ಹೊತ್ತು? ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ. ನಿಮ್ಮ ಗಡಿಯಾರ ಹೇಳಿದ್ದೂ ಅದೇ. ಎರಡು ಬೇರೆ ಬೇರೆ ಗಾಡಿಯಾಗಿದ್ದರೆ ಮೊದಲನೆಯದು ಮುಂದಿನ ಸ್ಟೇಷನ್ ಸಿರಿಬಾಗಿಲು ತಲುಪುವ ತನಕ ಎರಡನೆಯದನ್ನು ಬಿಡುವುದೇ ಇಲ್ಲ.

ಮುಂದೆಯೇ ಎಲ್ಲ ಇಂಜಿನ್ ಕಟ್ಟಬಾರದಾ ಅಂತ ಅವರು ಕೇಳೇ ಕೇಳುತ್ತಾರೆ. ಅಲ್ಲಿ ಏರು 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕಾರಿನಲ್ಲಿ ಹೋಗುವವರಿಗೆ ಇದು ಏರು ಅಂತಲೇ ಅನ್ನಿಸುವುದಿಲ್ಲ, ರೈಲಿಗೆ ಮಾತ್ರ ಬೆಟ್ಟ. ಎಲ್ಲ ಭಾರವನ್ನೂ ಮುಂದಿನಿಂದಲೇ ಎಳೆದರೆ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆ ಇಡೀ ಗಾಡಿ ಜೋತುಬಿದ್ದ ಹಾಗೆ, ಕೊಂಡಿ ಹರಿದೀತು. ಹಿಂದಿನಿಂದ ದೂಡಿದರೆ ಅರ್ಧ ಭಾರ ಮುಂದಿನವನದು, ಅರ್ಧ ಹಿಂದಿನವನದು. ಮಧ್ಯದಲ್ಲಿ ಎಲ್ಲಾದರೂ ಕೊಂಡಿ ಬಿಟ್ಟುಕೊಂಡರೂ ಹಿಂದಿನ ಭಾಗ ಜಾರಿ ಬರದ ಹಾಗೆ ಹಿಡಿದುಕೊಳ್ಳಲು ಒಬ್ಬ ಇರುತ್ತಾನೆ.

ಹುಬ್ಬಳ್ಳಿ_ಹುಡುಗ:
ಅಜ್ಜಾರ, ಇಷ್ಟೆಲ್ಲಾ ಹೇಳಿ ಆ ಇಂಜಿನ್ನಿನ ಹೆಸರು ಹೇಳಲಿಲ್ಲ ನೋಡ್ರಿ. ಯಾಕಂದ್ರೆ ಅದು ನಿಮ್ಮ ಹಳೇ ಆಲ್ಕೋ ಕಂಪನಿಯ ಡೀಸೆಲ್ ಇಂಜಿನ್ ಅಲ್ಲ! ಮೇಷ್ಟ್ರೇ, ಅದು ಡಬ್ಲ್ಯೂಡಿಜಿ-4. ಡಬ್ಲ್ಯೂ ಅಂದರೆ ಬ್ರಾಡ್ ಗೇಜ್, ಡಿ ಅಂದರೆ ಡೀಸೆಲ್, ಜಿ ಅಂದರೆ ಗೂಡ್ಸ್. ಇಎಂಡಿ ಕಂಪನಿಯ ವಿನ್ಯಾಸ, 16 ಸಿಲಿಂಡರ್, 4000 ಕುದುರೆಶಕ್ತಿ. 1999ರಲ್ಲಿ ಈ ಜಾತಿ ದೇಶಕ್ಕೆ ಬಂದಾಗ ಮೊದಲು ಕಾಲಿಟ್ಟಿದ್ದು ನಮ್ಮ ಹುಬ್ಬಳ್ಳಿ ಶೆಡ್ಡಿಗೆ. ಇದನ್ನು ನಾನು ವಾರಕ್ಕೊಮ್ಮೆ ಹೇಳದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ಕಿಟಕಿ_ಸೀಟು:
ಬಂತಪ್ಪ ಹುಬ್ಬಳ್ಳಿ. ಇನ್ನು ಪ್ಲಾಟ್‌ಫಾರ್ಮ್ ಉದ್ದ ಹೇಳುವುದೊಂದು ಬಾಕಿ.

ಹುಬ್ಬಳ್ಳಿ_ಹುಡುಗ:
1507 ಮೀಟರ್. ನೀವೇ ಕೇಳಿದ್ರಿ.

ಆಲ್ಕೋ_ಅಜ್ಜ:
ಇಎಂಡಿ ಚೆನ್ನಾಗಿ ದುಡಿಯುತ್ತದೆ, ಇಲ್ಲ ಅನ್ನಲಿಲ್ಲ. ಆದರೆ ಸದ್ದಿನಲ್ಲಿ ಜೀವ ಇಲ್ಲ. ಅದು ಟೂ ಸ್ಟ್ರೋಕ್, ಸಿಲಿಂಡರ್ ಪ್ರತಿ ಸುತ್ತಿಗೂ ಉರಿಯುತ್ತದೆ, ಹಾಗಾಗಿ ಒಂದೇ ಸಮ ಗುಂಯ್ ಅನ್ನುತ್ತದೆ, ನಮ್ಮ ಮನೆ ಹಿಟ್ಟಿನ ಗಿರಣಿ ಹಾಗೆ. ಆಲ್ಕೋ ಫೋರ್ ಸ್ಟ್ರೋಕ್. ನಿಂತಲ್ಲಿ ಧಡ್ ಧಡ್ ಅಂತ ಎದೆ ಬಡಿತದ ಹಾಗೆ ಎಣಿಸಬಹುದು. ನಾಚ್, ಅಂದರೆ ಇಂಜಿನ್ನಿನ ವೇಗದ ಮೆಟ್ಟಿಲು, ಏರಿಸಿದಾಗ ಮೊದಲು ಕರಿ ಹೊಗೆ, ಆಮೇಲೆ ಸದ್ದು, ಅದೂ ಆದ ಮೇಲೆ ನಿಧಾನಕ್ಕೆ ಗಾಡಿ. ನನ್ನ ಹಾಗೆಯೇ.

1980ರ ದಶಕದಲ್ಲಿ ಇದೇ ದಾರಿಯಲ್ಲಿ ಮೀಟರ್ ಗೇಜ್ ಇದ್ದಾಗ ನಾನು ಹಾಸನದಿಂದ ಮಂಗಳೂರಿಗೆ ಹೋಗಿದ್ದೇನೆ. 1979ರಲ್ಲಿ ಆ ದಾರಿ ಪೂರ್ತಿಯಾಗಿತ್ತು. ವೈಡಿಎಂ-4 ಇಂಜಿನ್, ಅದೂ ಆಲ್ಕೋ ವಂಶವೇ, ಗಾತ್ರದಲ್ಲಿ ತಮ್ಮ. ಸುರಂಗದೊಳಗೆ ಹೊಗೆ ತುಂಬಿ ಎಲ್ಲರೂ ಕಿಟಕಿ ಇಳಿಸುತ್ತಿದ್ದರು, ನಾನು ಮಾತ್ರ ತೆಗೆದಿಟ್ಟು ಬೈಸಿಕೊಳ್ಳುತ್ತಿದ್ದೆ. ಮಂಗಳೂರಿನಲ್ಲಿ ಇಳಿದಾಗ ಬಿಳಿ ಅಂಗಿ ಬೂದು ಬಣ್ಣ. ನಮ್ಮತ್ತೆ ಬಾಗಿಲಲ್ಲೇ ತಡೆದು ಮೊದಲು ಬಾವಿ ಕಟ್ಟೆಗೆ ಕಳಿಸಿದರು.

ಪುತ್ತೂರು_ಪ್ಯಾಸೆಂಜರ್:
1996ರಲ್ಲಿ ಬ್ರಾಡ್ ಗೇಜ್ ಮಾಡುತ್ತೇವೆ ಅಂತ ಮುಚ್ಚಿದ್ದು, ಪ್ಯಾಸೆಂಜರ್ ಗಾಡಿ ಮತ್ತೆ ಓಡುವಾಗ 2007ರ ಡಿಸೆಂಬರ್. ನನ್ನ ಶಾಲೆ, ಕಾಲೇಜು ಎರಡೂ ಆ ಮಧ್ಯೆ ಮುಗಿಯಿತು. ಬೆಂಗಳೂರಿಗೆ ಹೋಗಬೇಕಾದರೆ ಶಿರಾಡಿ ಘಾಟಿಯ ಬಸ್ಸೇ ಗತಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಬಾಯಲ್ಲಿ ಒಂದು ಲಿಂಬೆಹಣ್ಣು. ಮೊದಲ ಸಲ ರೈಲಿನಲ್ಲಿ ಘಾಟಿ ಹತ್ತುವಾಗ 57 ಸುರಂಗ ಎಣಿಸಬೇಕು ಅಂತ ಕೂತೆ. ರಾತ್ರಿ ಗಾಡಿ. ಒಳಗೂ ಕತ್ತಲೆ, ಹೊರಗೂ ಕತ್ತಲೆ, ಸುರಂಗ ಯಾವುದು ಕಾಡು ಯಾವುದು ಗೊತ್ತಾಗಬೇಕಲ್ಲ!

ಕಿಟಕಿ_ಸೀಟು:
ಸದ್ದು ಕೇಳಿ ಗೊತ್ತು ಮಾಡಬೇಕು. ಸುರಂಗದಲ್ಲಿ ಚಕ್ರದ ಸದ್ದು ಕಿವಿಗೇ ವಾಪಸ್ ಬರುತ್ತದೆ, ಸೇತುವೆ ಮೇಲೆ ಕೆಳಗೆ ಬಿದ್ದು ಹೋಗುತ್ತದೆ. ಅಷ್ಟು ಕಷ್ಟ ಬೇಡ ಅಂದರೆ ಹಗಲು ಗಾಡಿ ಹಿಡಿಯಿರಿ. 2021ರ ಜುಲೈನಿಂದ ಯಶವಂತಪುರ–ಮಂಗಳೂರು ಹಗಲು ಗಾಡಿಗಳಿಗೆ ವಿಸ್ಟಾಡೋಮ್ ಡಬ್ಬಿ ಹಾಕಿದ್ದಾರೆ, ಚಾವಣಿಯಲ್ಲೂ ಗಾಜು, 44 ಸೀಟು, ಸೀಟನ್ನು ತಿರುಗಿಸಿಕೊಳ್ಳಬಹುದು. ನಾನು ಹೋದ ದಿನ ಎದುರು ಸೀಟಿನವರು ಯಶವಂತಪುರದಿಂದಲೇ ಪರದೆ ಎಳೆದು ಮೊಬೈಲಿನಲ್ಲಿ ಸಿನಿಮಾ ನೋಡಿದರು. ಘಾಟಿ ಮಧ್ಯದ ಎಡಕುಮೇರಿ ಸ್ಟೇಷನ್ನಿನಲ್ಲಿ ಮೋಡ ಡಬ್ಬಿಯ ಮೇಲೆ ಹರಿಯುತ್ತಿತ್ತು, ಅವರು ಕತ್ತೆತ್ತಲಿಲ್ಲ. ನನಗೆ ಕೈ ತುರಿಸಿತು. ಸೀಟೇ ತಿರುಗಿಸಿ ಕೂರೋಣ ಅಂದರೆ ಆ ಕಡೆ ಇನ್ನೊಬ್ಬರು ಗೊರಕೆ.

ಹೊಸಬ_ಹಾಸನ:
ನಾನು ಇಲ್ಲಿಗೆ ಹೊಸಬ. ಎಡಕುಮೇರಿ ಕಡೆ ಹಳಿ ಮೇಲೆ ನಡೆದುಕೊಂಡು ಹೋಗುವ ಟ್ರೆಕ್ಕಿಂಗ್ ಇದೆಯಂತಲ್ಲ, ಮಳೆ ನಿಂತ ಮೇಲೆ ಎಲ್ಲರೂ ಸೇರಿ ಹೋಗೋಣವಾ?

ಪುತ್ತೂರು_ಪ್ಯಾಸೆಂಜರ್:
ಬೇಡ ಮಾರಾಯ್ರೆ, ಖಂಡಿತ ಬೇಡ. ಒಂದು, ಅದು ಅಪರಾಧ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಆರು ತಿಂಗಳ ತನಕ ಜೈಲು ಉಂಟು. ಎರಡು, ಸುರಂಗದೊಳಗೆ ಇರುವಾಗ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಎಲ್ಲ ಕಡೆ ಜಾಗ ಇರುವುದಿಲ್ಲ. ಮಳೆಗಾಲದಲ್ಲಿ ಲೈಟ್ ಇಂಜಿನ್ ಇಳಿದು ಬರುವ ಸದ್ದು ನೀರಿನ ಸದ್ದಿನಲ್ಲಿ ಮುಚ್ಚಿ ಹೋಗುತ್ತದೆ. ಟಿಕೆಟ್ ತೆಗೆದು ಒಳಗೆ ಕೂತು ನೋಡಿ.

ಆಲ್ಕೋ_ಅಜ್ಜ:
ಹೊಸಬರಿಗೆ ಬೈಯಬೇಡಿ, ಕೇಳಿದ್ದು ಒಳ್ಳೆಯದೇ ಆಯಿತು. ಸ್ಟೇಷನ್ ಪ್ಲಾಟ್‌ಫಾರ್ಮಿನಲ್ಲಿ ಸೇರೋಣ, ಕಾಫಿ ನನ್ನದು.

ಮಂಡ್ಯದ_ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಅಜ್ಜನ ಲೆಕ್ಕವನ್ನು ನಿಜಕ್ಕೂ ಬರೆದು ತೋರಿಸಿದೆ. "ನೀವು ಮೇಷ್ಟ್ರು, ಯಾವ ಲೆಕ್ಕ ಬೇಕಾದರೂ ಬರೆಯುತ್ತೀರಿ, ನಾನು ಕಣ್ಣಲ್ಲಿ ನೋಡಬೇಕು" ಅಂದಳು. ಮನೆ ಮಾಲಕಿ ಅಕ್ಕನನ್ನು ಕೇಳಿದೆವು. ಅವರು ಅಡಿಕೆ ಸುಲಿಯುತ್ತಾ ತಲೆ ಎತ್ತದೆ, "ಹಿಂದಿನಿಂದ ದೂಡುವುದಲ್ವಾ ಮಾಷ್ಟ್ರೆ, ಇದಕ್ಕೆ ಪಂದ್ಯವಾ?" ಅಂದರು. ಅದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಭಾನುವಾರ ಸಂಜೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಇಬ್ಬರೂ ಸ್ಟೇಷನ್ನಿಗೆ ಹೋದೆವು.

ಒಂದು ಗೂಡ್ಸ್ ನಿಂತಿತ್ತು. ಹಿಂದೆ ಎರಡು ಇಂಜಿನ್ ಬಂದು ಮೆಲ್ಲಗೆ ತಾಗಿ ಕಟ್ ಅಂತ ಜೋಡಿಕೊಂಡವು. ಹೊರಡುವಾಗ ಮುಂದಿನಿಂದ ಹಾರ್ನ್, ಹಿಂದಿನಿಂದ ಉತ್ತರ. ಆಮೇಲೆ ಒಟ್ಟಿಗೆ ಗುಡುಗು, ಕಾಲ ಕೆಳಗಿನ ಸಿಮೆಂಟು ನಡುಗಿತು. ಗಾಡಿ ಮಾತ್ರ ಒಂದು ಕ್ಷಣ ಜಪ್ಪಯ್ಯ ಅನ್ನಲಿಲ್ಲ. ಹಾಗೇ ಒಂದೊಂದೇ ಚಕ್ರ ತಿರುಗಿತು. ನಾನು ವಿಡಿಯೋ ಮಾಡುವುದನ್ನೇ ಮರೆತೆ. ನನ್ನ ಹೆಂಡತಿ ಹೇಳಿದ್ದು, "ಪಾಪ, ಹಿಂದಿನವರ ಹೆಸರು ಯಾರೂ ಹೇಳಲ್ಲ ಅಲ್ವಾ."

ಪಂದ್ಯ ಗೆದ್ದೆ. ಆದರೆ ಅವಳದೊಂದು ಹೊಸ ಪ್ರಶ್ನೆ. ಘಾಟಿ ಇಳಿದು ಬರುವ ಗಾಡಿಯ ಸದ್ದು ಬೇರೆ, ಗುಡುಗಿಲ್ಲ, ದೊಡ್ಡ ಫ್ಯಾನ್ ತಿರುಗಿದ ಹಾಗೆ ಕಿರುಗುಟ್ಟುತ್ತದೆ, ಅದೇನು ಅಂತ. ನನಗೆ ಆ ವ್ಯತ್ಯಾಸ ಗೊತ್ತೇ ಆಗಿರಲಿಲ್ಲ.

ಹುಬ್ಬಳ್ಳಿ_ಹುಡುಗ:
ಮೇಡಂ ಅವರ ಕಿವಿಗೆ ಒಂದು ನಮಸ್ಕಾರ ರೀ! ಅದು ಡೈನಾಮಿಕ್ ಬ್ರೇಕ್. ಹತ್ತುವಾಗ ಕರೆಂಟು ತಿಂದು ಚಕ್ರ ತಿರುಗಿಸುವ ಮೋಟರುಗಳೇ ಇಳಿಯುವಾಗ ಉಲ್ಟಾ ಕೆಲಸ ಮಾಡುತ್ತವೆ, ಚಕ್ರ ಅವನ್ನು ತಿರುಗಿಸುತ್ತದೆ, ಅವು ಕರೆಂಟು ಹುಟ್ಟಿಸುತ್ತವೆ. ಹಾಗೆ ಮಾಡುವಾಗ ಚಕ್ರಕ್ಕೆ ತಡೆ ಬೀಳುತ್ತದೆ. ಆ ಕರೆಂಟನ್ನು ಡೀಸೆಲ್ ಇಂಜಿನ್ನಿನಲ್ಲಿ ಎಲ್ಲಿ ಇಡುವುದು? ಮೇಲ್ಗಡೆ ಇರುವ ಗ್ರಿಡ್‌ಗೆ ಕೊಟ್ಟು ಬರೀ ಶಾಖ ಮಾಡಿ ಗಾಳಿಗೆ ಬಿಡುತ್ತಾರೆ, ನಮ್ಮ ಮನೆ ಹೀಟರ್ ಕಾಯಿಲ್ ಇದ್ದ ಹಾಗೆ. ಅದನ್ನು ತಣ್ಣಗೆ ಇಡಲು ದೊಡ್ಡ ಫ್ಯಾನ್. ಅವರು ಕೇಳಿದ್ದು ಆ ಫ್ಯಾನಿನ ಸದ್ದೇ. ಬ್ರೇಕ್ ಬ್ಲಾಕ್ ಒಂದನ್ನೇ ನಂಬಿ ಅಷ್ಟು ದೂರ ಇಳಿದರೆ ಚಕ್ರ ಕಾದು ಕೆಂಡ.

ಪುತ್ತೂರು_ಪ್ಯಾಸೆಂಜರ್:
ನೆಟ್ಟಣದ ಕಡೆಯವರಿಗೆ ಈ ಸದ್ದುಗಳೆಲ್ಲ ಜೋಗುಳ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ಮಧ್ಯೆ ಗುಡ್ಡ ಜಾರಿ ಗಾಡಿ ನಿಂತಿತ್ತಲ್ಲ, ಆಗ ನಮ್ಮ ಚಿಕ್ಕಪ್ಪ ಫೋನ್ ಮಾಡಿ, ರಾತ್ರಿ ನಿದ್ದೆಯೇ ಇಲ್ಲ, ಊರು ಸತ್ತ ಹಾಗೆ ಉಂಟು ಅಂದಿದ್ದರು. ಮೇಷ್ಟ್ರೇ, ಒಂದು ಮಾತು. ಕರೆಂಟು ಇಂಜಿನ್ನಿನ ಕಾಲದಲ್ಲಿ ಡೀಸೆಲ್ಲಿನ ಈ ಗುಡುಗು ಎಷ್ಟು ದಿನವೋ. ಒಂದು ರಾತ್ರಿ ಕಿಟಕಿ ತೆಗೆದಿಟ್ಟು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಮಂಡ್ಯದ_ಮೇಷ್ಟ್ರು:
ನಿನ್ನೆ ರಾತ್ರಿ ಮಾಡಿದೆ. 1 ಗಂಟೆ 50ಕ್ಕೆ ಎದ್ದು ಕತ್ತಲಲ್ಲಿ ಫೋನ್ ಹುಡುಕುತ್ತಿದ್ದೆ. ಪಕ್ಕದಿಂದ ಕಣ್ಣು ಮುಚ್ಚಿಕೊಂಡೇ ಬಂತು, "ಅದು ಇಳಿಯುವ ಗಾಡಿ ರೀ, ಹತ್ತುವುದು ಇನ್ನೂ ಬಂದಿಲ್ಲ, ಮಲಗಿ. ಬಂದಾಗ ಎಬ್ಬಿಸುತ್ತೇನೆ." ಎಬ್ಬಿಸಿದಳು ಕೂಡ. ರೆಕಾರ್ಡಿಂಗ್ ಚೆನ್ನಾಗಿ ಬಂದಿದೆ, ಕೊನೆಯಲ್ಲಿ "ಹಿಂದೆ ಎರಡಿದೆ" ಅನ್ನುವ ಅವಳ ದನಿಯೂ ಸೇರಿಕೊಂಡಿದೆ.

ಕಿಟಕಿ_ಸೀಟು:
ಮೇಷ್ಟ್ರೇ, ಇಲ್ಲಿನ ನಿಮ್ಮ ಐಡಿ ಮೇಡಂ ಅವರಿಗೆ ಕೊಟ್ಟು ನೀವು ಉಪ್ಪಿಟ್ಟು ಮಾಡಲು ಹೋಗಿ.