ಸಹಾಯ ಬೇಕು: ಒಂದು ರಾತ್ರಿಯ ಬೈಕ್ ಟ್ರಿಪ್‌ಗೆ ಯಾವ ಬ್ಯಾಗ್ ತಗೊಳ್ಲಿ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಗಾಡಿ ಕ್ಲಾಸಿಕ್ 350. ಶನಿವಾರ ಬೆಳಗ್ಗೆ ಬಿಟ್ಟು ಭಾನುವಾರ ಸಂಜೆ ವಾಪಸ್ ಬರೋ ಥರದ ಓಡಾಟ: ಮಡಿಕೇರಿ, ಬಿಳಿಗಿರಿರಂಗನ ಬೆಟ್ಟ, ಬಂಡೀಪುರ ದಾಟಿ ಊಟಿ. ಸಾಮಾನು ಜಾಸ್ತಿ ಏನಿಲ್ಲ. ಒಂದು ಜೊತೆ ಬಟ್ಟೆ, ಸ್ವೆಟರ್, ರೈನ್‌ಕೋಟ್, ಚಾರ್ಜರ್ ಅಷ್ಟೇ.

ಬೆನ್ನಿಗೆ ಹಾಕೋ ಬ್ಯಾಗ್ ಮಾತ್ರ ಹೇಳ್ಬೇಡಿ. ಹುಣಸೂರು ದಾಟೋ ಹೊತ್ತಿಗೆ ಹೆಗಲು ಹಿಡ್ಕೊಂಡಿರುತ್ತೆ.

ಹಿಂದಿನ ಸೀಟಿಗೆ ಕಟ್ಟೋ 30 ಲೀಟರ್ ಟೈಲ್ ಬ್ಯಾಗ್ ಒಬ್ಬನೇ ಹೋಗೋಕೆ ಸಾಕು. ಆದ್ರೆ ಮನೆಯವರು ಬಂದ್ರೆ ಅವರನ್ನ ಎಲ್ಲಿ ಕೂರಿಸ್ಲಿ? ಅದಕ್ಕೇ ಸೀಟಿನ ಎರಡೂ ಬದಿಗೆ ಇಳಿಬಿಡೋ ಸ್ಯಾಡಲ್ ಬ್ಯಾಗ್ ಕಡೆ ಮನಸ್ಸು. ಎಡಗಡೆ ಸೀರೆ ಗಾರ್ಡ್ ಇರೋದ್ರಿಂದ ಬ್ಯಾಗ್ ಚಕ್ರಕ್ಕೆ ತಾಗಲ್ಲ. ತಲೆನೋವು ಬಲಗಡೆದು. ಸೈಲೆನ್ಸರ್ ಅಲ್ಲೇ ಇದೆ. ಗುಂಡಿ ರಸ್ತೇಲಿ ಕುಣಿದು ಕುಣಿದು ಪಟ್ಟಿ ಸಡಿಲ ಆಗಿ, ಬ್ಯಾಗ್ ತಳ ಸೈಲೆನ್ಸರ್ ಮೇಲೆ ಕೂತ್ರೆ ನೈಲಾನ್ ಕರಗಿಹೋಗುತ್ತೆ. ಬ್ಯಾಗ್ ತಾಗದ ಹಾಗೆ ತಡೆಯೋ ಕಬ್ಬಿಣದ ಸ್ಟೇ (ಫ್ರೇಮ್) ಹಾಕಿಸಲೇಬೇಕಾ, ಇಲ್ಲ ಸೈಲೆನ್ಸರ್ ಬಿಸಿ ತಡೆಯೋ ಹೀಟ್ ಶೀಲ್ಡ್ ಇದ್ರೆ ನಡೆಯುತ್ತಾ? ಸ್ಟೇ ಹಾಕಿಸಿರೋರು ಫೋಟೋ ಹಾಕಿ ಪ್ಲೀಸ್.

ಇನ್ನು ಮಳೆ. ಜುಲೈ ತಿಂಗಳ ಕೊಡಗು ಗೊತ್ತಲ್ಲ. ಮೇಲೆ ಹೊದಿಸೋ ರೈನ್ ಕವರ್ ಗಾಳಿಗೆ ಪಟಪಟ ಬಡ್ಕೊಂಡು ಹಾರೋದೇ ಹೆಚ್ಚು. ಬಾಯಿ ಸುತ್ತಿ ಕ್ಲಿಪ್ ಹಾಕೋ ರೋಲ್ ಟಾಪ್ ಬ್ಯಾಗೇ ವಾಸಿ ಅನ್ಸುತ್ತೆ. ಆದ್ರೆ ಅದ್ರಲ್ಲಿ ಅಡಿಯಲ್ಲಿರೋ ಚಾರ್ಜರ್ ಬೇಕಂದ್ರೆ ಪೂರ್ತಿ ಸುರೀಬೇಕು. ಬಳಸ್ತಿರೋರು ಹೇಗೆ ಸಂಭಾಳಿಸ್ತೀರ?

ಬಜೆಟ್ ನಾಲ್ಕು ಸಾವಿರದೊಳಗೆ. ಮೈಸೂರಲ್ಲಿ ಗಾಡಿ ಮೇಲೆ ಇಟ್ಟು, ಕಟ್ಟಿ ನೋಡಿ ತಗೊಳ್ಳೋಕೆ ಬಿಡೋ ಅಂಗಡಿ ಇದ್ರೆ ಅದನ್ನೂ ತಿಳಿಸಿ.