ಹಳೆಯ ಜಿಪ್ಸಿಗೆ ಜಿಮ್ನಿಯ ಅಲಾಯ್ ವೀಲ್ ಹೊಂದುತ್ತದೆಯೇ? ಅನುಭವಸ್ಥರ ಉತ್ತರಗಳು

ಕೋರಿಕೆ, ಬನಶಂಕರಿಯಿಂದ:

ಸೆಕೆಂಡ್ ಹ್ಯಾಂಡ್ ಮಾರುತಿ ಜಿಪ್ಸಿ ಕಿಂಗ್ ಒಂದನ್ನು ಈಚೆಗೆ ಕೊಂಡಿದ್ದೇನೆ. ಅದರ ಕಬ್ಬಿಣದ ರಿಮ್‌ಗಳು ತುಕ್ಕು ಹಿಡಿದಿವೆ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಮಾರುತಿಯದೇ ಜಿಮ್ನಿಯಿಂದ ಬಿಚ್ಚಿದ ನಾಲ್ಕು ಅಲಾಯ್ ವೀಲ್‌ಗಳು ಟೈರ್ ಸಮೇತ ಸಿಗುತ್ತಿವೆ. ‘ಅದಕ್ಕೂ ಐದು ಬೋಲ್ಟ್, ಇದಕ್ಕೂ ಐದು ಬೋಲ್ಟ್, ಕಣ್ಣು ಮುಚ್ಚಿ ಹಾಕಿಸಿ ಸರ್’ ಎನ್ನುತ್ತಾರೆ ಅಂಗಡಿಯವರು. ಹಣ ಕೊಡುವ ಮುನ್ನ ಏನೇನು ನೋಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಬಹುಕಾಲದಿಂದ ಜಿಪ್ಸಿ ಇಟ್ಟುಕೊಂಡಿರುವವರೊಬ್ಬರ ಉತ್ತರ:

ಅಂಗಡಿಯವರ ಮಾತು ಅರ್ಧ ನಿಜ. ಎರಡೂ ಗಾಡಿಗಳ ಪಿಸಿಡಿ, ಅಂದರೆ ಸ್ಟಡ್‌ಗಳ (ಗಾಲಿ ಕೂರುವ ಹಬ್‌ನಿಂದ ಹೊರಚಾಚಿರುವ ಬೋಲ್ಟ್‌ಗಳ) ನಡುಬಿಂದುಗಳ ಮೇಲೆ ಹಾದುಹೋಗುವ ವೃತ್ತದ ವ್ಯಾಸ, 139.7 ಮಿ.ಮೀ.; ರಿಮ್‌ನ ನಡುವಿನ ರಂಧ್ರ ಸುಮಾರು 108 ಮಿ.ಮೀ.; ಸ್ಟಡ್ 12 ಮಿ.ಮೀ. ದಪ್ಪ, 1.25 ಮಿ.ಮೀ. ಪಿಚ್ (ತಿರುಪಿನ ಒಂದು ಸುತ್ತಿನಿಂದ ಮುಂದಿನದಕ್ಕಿರುವ ಅಂತರ). ಆದರೆ ಇದು ಕಾರ್ಖಾನೆಯಿಂದ ಹೊರಬಂದ ಜಿಪ್ಸಿಯ ಲೆಕ್ಕ. ಹಲವರ ಕೈದಾಟಿ ಬಂದ ಗಾಡಿಯಲ್ಲಿ ಹಿಂದಿನ ಮಾಲೀಕರು ಸ್ಪೇಸರ್ (ಹಬ್‌ಗೂ ಗಾಲಿಗೂ ನಡುವಿನ ಬಿಲ್ಲೆ) ಕೂರಿಸಿರಬಹುದು, ತುಂಡಾದ ಸ್ಟಡ್‌ನ ಜಾಗಕ್ಕೆ ಬೇರೆ ಪಿಚ್‌ನದನ್ನು ಹೊಡೆಸಿರಬಹುದು. ಆದ್ದರಿಂದ ನಾಲ್ಕು ಗಾಲಿಗಳನ್ನೂ ಬಿಚ್ಚಿಸಿ, ನಿಮ್ಮ ಗಾಡಿಯ ಹಬ್ ಅನ್ನೇ ಅಳೆಯಿರಿ.

ಐದು ಸ್ಟಡ್ ಇರುವಲ್ಲಿ ಎದುರುಬದುರು ಜೋಡಿ ಸಿಗುವುದಿಲ್ಲವಾದ್ದರಿಂದ, ಪಕ್ಕಪಕ್ಕದ ಎರಡು ಸ್ಟಡ್‌ಗಳಲ್ಲಿ ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ವರ್ನಿಯರ್ ಅಳತೆಗೋಲು ಹಿಡಿಯಬೇಕು. 82 ಮಿ.ಮೀ. ಆಸುಪಾಸು ಬಂದರೆ ಪಿಸಿಡಿ 139.7 ಎಂದು ತಿಳಿಯಿರಿ. 67 ಬಂದರೆ ಅದು 114.3, ಇನ್ನೋವಾದಂಥ ಗಾಡಿಗಳ ಅಳತೆ. ಬಳಿಕ ನಟ್ ಅನ್ನು ಪಾನ ಮುಟ್ಟಿಸದೆ ಬರಿಗೈಯಲ್ಲೇ ತಿರುಗಿಸಿ ನೋಡಿ. ಟೊಯೊಟಾ, ಮಿತ್ಸುಬಿಷಿ ಗಾಡಿಗಳ 1.5 ಪಿಚ್‌ನ ನಟ್ ಈ ಸ್ಟಡ್‌ಗೆ ಒಂದೆರಡು ಸುತ್ತು ಹತ್ತಿ ಬಿಗಿಯಾಗಿಬಿಡುತ್ತದೆ. ಆಗ ಏರ್ ಗನ್‌ನಿಂದ ಬಲವಂತ ಮಾಡಿದರೆ ಸ್ಟಡ್‌ನ ತಿರುಪಿನ ಸುತ್ತುಗಳು ಕೆಡುತ್ತವೆ. ಸರಿಯಾದ ನಟ್ ಅಲಾಯ್ ಒಳಗೆ ಪೂರ್ತಿ ಕೂರುವ ಹೊತ್ತಿಗೆ ಹತ್ತು ಸುತ್ತಾದರೂ ಹಿಡಿದಿರಬೇಕು. ಅಲಾಯ್ ವೀಲ್‌ನ ಮಧ್ಯಭಾಗ ಕಬ್ಬಿಣದ ರಿಮ್‌ಗಿಂತ ದಪ್ಪವಾಗಿರುವುದರಿಂದ ಈ ಎಣಿಕೆಯನ್ನು ಬಿಡಲೇಬಾರದು. ನಟ್‌ನ ಬುಡದ ಆಕಾರವೂ ಮುಖ್ಯ: ಶಂಕುವಿನಂತೆ ಇಳಿಜಾರಾದ ಕುಳಿಗೆ ಶಂಕುವಿನ ಬುಡದ ನಟ್ಟೇ ಬೇಕು, ಚಪ್ಪಟೆ ವಾಷರ್‌ನದು ಅಲ್ಲಿ ನಿಲ್ಲುವುದಿಲ್ಲ.

ಇದೆಲ್ಲ ಸರಿಬಂದ ಮೇಲೂ ಆಫ್‌ಸೆಟ್, ಅಂದರೆ ರಿಮ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ಒರಗುವ ಮುಖ ಎಷ್ಟು ದೂರ ಎಂಬುದು, ಉಳಿಯುತ್ತದೆ. ಹಳೆಯ ರಿಮ್ ಮತ್ತು ಹೊಸ ವೀಲ್ ಎರಡನ್ನೂ ಬೋರಲು ಹಾಕಿ, ಹಿಂಬದಿಯ ಅಂಚಿನ ಮೇಲೆ ನೇರವಾದ ಪಟ್ಟಿಯಿಟ್ಟು, ಪಟ್ಟಿಯಿಂದ ಹಬ್‌ಗೆ ಒರಗುವ ಮುಖದವರೆಗಿನ ಆಳವನ್ನು ಅಳೆಯಿರಿ. ರಿಮ್‌ನ ಅಗಲ ಒಂದೇ ಆಗಿದ್ದು ಹೊಸದರ ಆಳ 15 ಮಿ.ಮೀ. ಕಡಿಮೆಯಿದ್ದರೆ, ಪ್ರತಿ ಗಾಲಿಯೂ ಅಷ್ಟೇ ಹೊರಗೆ ಚಾಚುತ್ತದೆ. ನೋಡಲು ಗಾಡಿ ಗಟ್ಟಿಮುಟ್ಟಾಗಿ ನಿಂತಂತೆ ಕಾಣುತ್ತದೆ ನಿಜ, ಆದರೆ ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಗೆ ಹೊಡೆಯುತ್ತದೆ. ನಮ್ಮ ಬೆಂಗಳೂರಿನ ರಸ್ತೆಗಳಲ್ಲಿ ಇದನ್ನು ಹಗುರವಾಗಿ ಎಣಿಸಬೇಡಿ. ನಿಮ್ಮ ಜಿಪ್ಸಿಯ ಮುಂದಿನ ಹಬ್‌ಗಳು ಕೈಯಿಂದ ತಿರುಗಿಸಿ ಲಾಕ್ ಮಾಡುವಂಥವಾಗಿದ್ದರೆ, ಅವು ವೀಲ್‌ನ ನಡುವಿನಿಂದ ಹೊರಗೆ ಬರುವಷ್ಟು ಜಾಗವಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಅಲಾಯ್‌ನ ಮುಚ್ಚಳ ಅಲ್ಲಿ ಕೂರದಿರಬಹುದು.

ಫೋರ್ ವೀಲ್ ಡ್ರೈವ್ ಗಾಡಿಗಳನ್ನು ರಿಪೇರಿ ಮಾಡುವ ವಿಲ್ಸನ್ ಗಾರ್ಡನ್‌ನವರೊಬ್ಬರ ಉತ್ತರ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ‘ನಾಲ್ಕು’ ಎಂಬ ಸಂಖ್ಯೆ. ಐದನೆಯದು, ಹಿಂಬಾಗಿಲಿನ ಸ್ಟೆಪ್ನಿ, ಯಾವುದು?

ಜಿಪ್ಸಿ ಕಿಂಗ್‌ಗೆ ಕಂಪನಿ ಕೊಟ್ಟಿದ್ದ 205/70 ಆರ್15 (205 ಮಿ.ಮೀ. ಅಗಲ, ಅದರ ಶೇ. 70ರಷ್ಟು ಬದಿಯ ಎತ್ತರ, 15 ಇಂಚಿನ ರಿಮ್) ಟೈರ್‌ನ ವ್ಯಾಸ ಲೆಕ್ಕದ ಪ್ರಕಾರ 668 ಮಿ.ಮೀ. ಜಿಮ್ನಿಯ 195/80 ಆರ್15 ಟೈರ್‌ನದು 693. ಒಂದು ಸುತ್ತಿಗೆ ಹೊಸ ಟೈರ್ ಸುಮಾರು 8 ಸೆಂ.ಮೀ. ಹೆಚ್ಚು ದೂರ ಉರುಳುತ್ತದೆ. ಐದೂ ಒಂದೇ ಅಳತೆಯಾಗಿದ್ದರೆ ತೊಂದರೆ ಸಣ್ಣದು. ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇ. 4ರಷ್ಟು ಹೆಚ್ಚು ವೇಗದಲ್ಲಿರುತ್ತದೆ, ಎಳೆತ ಸ್ವಲ್ಪ ತಗ್ಗುತ್ತದೆ. ಆದರೆ ಪಂಕ್ಚರ್ ಆದ ದಿನ ಹಳೆಯ 205ರ ಸ್ಟೆಪ್ನಿ ಹಾಕಿ ಫೋರ್ ವೀಲ್‌ಗೆ ಗೇರ್ ಹಾಕಿದರೆ ಕಥೆಯೇ ಬೇರೆ. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್‌ನಲ್ಲಿ, ಎಂಜಿನ್‌ನ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಆಕ್ಸಲ್‌ಗಳಿಗೆ ಹೋಗುವ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದೇ ವೇಗದಲ್ಲಿ ಕಟ್ಟಿಹಾಕುತ್ತದೆ. ಟೈರ್‌ಗಳು ಬೇರೆ ಬೇರೆ ದೂರ ಉರುಳಲು ಹೊರಟಾಗ ಆ ವ್ಯತ್ಯಾಸ ಕೆಸರಿನಲ್ಲಾದರೆ ಜಾರಿ ಕಳೆದುಹೋಗುತ್ತದೆ. ಗಟ್ಟಿ ನೆಲದಲ್ಲಿ ಶಾಫ್ಟ್‌ಗಳು ತಿರುಚಿಕೊಂಡು, ಲಿವರ್ ವಾಪಸ್ ಬರದೆ ಕಚ್ಚಿಕೊಳ್ಳುತ್ತದೆ. ಇಂಥ ಸ್ಥಿತಿಯಲ್ಲಿ ಬಂದ ಗಾಡಿಗಳ ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ನೋಡಿದ್ದೇನೆ. ಅದರ ಖರ್ಚಿನ ಮುಂದೆ ಐದನೆಯ ವೀಲ್‌ನ ಬೆಲೆ ಏನೇನೂ ಅಲ್ಲ. ಐದು ಸಿಗದಿದ್ದರೆ ವ್ಯಾಪಾರ ಬಿಡಿ, ಇಲ್ಲವೇ ಆ ಅಲಾಯ್‌ಗಳಿಗೇ 205/70 ಟೈರ್ ಹಾಕಿಸಿ ಹಳೆಯ ಸ್ಟೆಪ್ನಿಯ ಅಳತೆಗೆ ಸರಿಮಾಡಿ. ಟೈರ್‌ನ ಬದಿಯಲ್ಲಿರುವ ತಯಾರಿಕೆಯ ನಾಲ್ಕಂಕಿಯನ್ನೂ ಓದಿಕೊಳ್ಳಿ: 2323 ಎಂದಿದ್ದರೆ 2023ರ 23ನೇ ವಾರ.

ಫಾರ್ಚೂನರ್ ಇರುವವರೊಬ್ಬರು:

ಆರು ಬೋಲ್ಟ್‌ನವರಿಗೂ ಒಂದು ಮಾತು. ಪಜೆರೋ, ಫಾರ್ಚೂನರ್ ಎರಡಕ್ಕೂ ಪಿಸಿಡಿ 139.7 ಆದರೂ ನಡುವಿನ ರಂಧ್ರ ಕ್ರಮವಾಗಿ 67.1 ಮತ್ತು 106.1 ಮಿ.ಮೀ. ಪಜೆರೋದ ಮೂಲ ವೀಲ್ ನಮ್ಮ ಹಬ್ ಮೇಲೆ ಕೂರುವುದೇ ಇಲ್ಲ.

ಮತ್ತೆ ವಿಲ್ಸನ್ ಗಾರ್ಡನ್‌ನವರು:

ಕೊಳ್ಳುವ ಮುನ್ನ ಒಂದು ವೀಲ್ ಅನ್ನು ಮುಂದೆಯೂ ಹಿಂದೆಯೂ ಹಾಕಿ, ಜಾಕ್ ಮೇಲೆ ಕೈಯಿಂದ ಸುತ್ತಿಸಿ, ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತದೆಯೇ ನೋಡಿ. ನೆಲಕ್ಕಿಳಿಸಿ ಸ್ಟೇರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಒಪ್ಪಿಗೆಯಾದರೆ ನಟ್‌ಗಳನ್ನು ಒಂದು ಬಿಟ್ಟು ಒಂದರಂತೆ ಟಾರ್ಕ್ ರೆಂಚ್‌ನಲ್ಲೇ, ಗಾಡಿಯ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿಸಿ. ಕನಕಪುರದವರೆಗೆ ಹೋಗಿಬಂದು, ವೀಲ್ ತಣ್ಣಗಾದ ಮೇಲೆ, ಅದೇ ರೆಂಚ್‌ನಲ್ಲಿ ಇನ್ನೊಮ್ಮೆ ಪರೀಕ್ಷಿಸಿ.