ಸಿಕ್ಕ ಮಗುವನ್ನೇ ದತ್ತು ಪಡೆಯಬಹುದೇ?

ಪ್ರಶ್ನೆ: ಚನ್ನಗಿರಿ ಬಳಿಯ ನಮ್ಮ ಅಡಿಕೆ ತೋಟದಲ್ಲಿ ಯಾರೋ ಬಿಟ್ಟುಹೋಗಿದ್ದ ಹೆಣ್ಣು ಶಿಶುವನ್ನು ಪೊಲೀಸರ ಮೂಲಕ ದಾವಣಗೆರೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ್ದೇವೆ. ಮಕ್ಕಳಿಲ್ಲದ ನಮಗೆ, ದಂಪತಿಗೆ, ಆ ಮಗುವೇ ಸಿಗಬಹುದೇ?

ಉತ್ತರ 1: ತಕ್ಷಣ ಒಪ್ಪಿಸಿ ಮಗುವಿಗೆ ದೊಡ್ಡ ಉಪಕಾರ ಮಾಡಿದ್ದೀರಿ. ಆದರೆ ಮಗುವನ್ನು ಕಂಡವರಿಗೆ ಕಾನೂನು ಆದ್ಯತೆ ಕೊಡುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಸಮಿತಿಯು ಹೆತ್ತವರನ್ನು ಹುಡುಕಿಸಿ, ಅವರು ಪತ್ತೆಯಾಗದಿದ್ದರೆ, ಎರಡು ವರ್ಷದೊಳಗಿನ ಮಗುವನ್ನು 2 ತಿಂಗಳೊಳಗೆ ದತ್ತಕಕ್ಕೆ ಮುಕ್ತವೆಂದು ಘೋಷಿಸಬೇಕು. ಅನಂತರ ಕೇಂದ್ರೀಯ ದತ್ತಕ ಸಂಪನ್ಮೂಲ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡವರಿಗೆ ಸರದಿಯಂತೆ ಅವಕಾಶ ಬರುತ್ತದೆ.

ಉತ್ತರ 2: ಛಾಪಾ ಕಾಗದದಲ್ಲಿ ಒಪ್ಪಂದ ಬರೆದು ಮಗುವನ್ನು ಕೊಡುತ್ತೇವೆಂದು ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ. 2022ರ ಸೆಪ್ಟೆಂಬರ್‌ನಿಂದ ದತ್ತಕದ ಆದೇಶ ನೀಡುವವರು ಜಿಲ್ಲಾಧಿಕಾರಿಗಳು. ದಂಪತಿಯ ದಾಂಪತ್ಯಕ್ಕೆ ಕನಿಷ್ಠ 2 ವರ್ಷ ತುಂಬಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು.

ಪ್ರಶ್ನಿಸಿದವರು: ಧನ್ಯವಾದಗಳು. ಯಾವ ಮಗು ಬಂದರೂ ನಮ್ಮದೇ; ನೋಂದಾಯಿಸುತ್ತೇವೆ.